ಟೊಂಗಾದವರ ಚಾಪೆ

ಅರ್ಧ ಗಂಟೆಯ ಭೇಟಿಗೆ ಸಣ್ಣ ಹಾಲ್‌ನ ಬಾಡಿಗೆ ನಾಲ್ಕು ಸಾವಿರದ ಇನ್ನೂರು ದಿರ್ಹಮ್. ಮೇಜಿನ ಮೇಲಿಡುವ ಬಿಳಿ ಆರ್ಕಿಡ್ ಹೂವಿಗೆ ಆರುನೂರೈವತ್ತು. ಖರ್ಜೂರ, ಅರಬ್ಬಿ ಕಾಫಿ, ಚಹಾ, ಬಿಸ್ಕತ್ತು ಎಲ್ಲ ಸೇರಿ ತಲೆಗೆ ತೊಂಬತ್ತರಂತೆ ಹದಿನಾರು ಜನಕ್ಕೆ. ಭಾರತದ ಬಾವುಟ ನಮ್ಮ ಸ್ಟೋರ್‌ನಲ್ಲೇ ಇತ್ತು, ಅದಕ್ಕೆ ಖರ್ಚಿಲ್ಲ. ಟೊಂಗಾದ ಬಾವುಟ ಹುಡುಕಿದಲ್ಲೆಲ್ಲ ಸಿಗದೆ ಶಾರ್ಜಾದ ಟೈಲರ್ ಹತ್ತಿರ ಹೊಲಿಸಿದ್ದಕ್ಕೆ ನೂರಿಪ್ಪತ್ತು. ಇಷ್ಟೂ ಹೋಟೆಲಿನ ಬಿಲ್ಲಿಗೆ ಸೇರಿತು. ಬಿಲ್ಲಿಗೆ ಸೇರದ ಖರ್ಚು ಒಂದೇ. ಕರಾಮದ ಅಂಗಡಿಯಿಂದ ತಂದ ಒಂದು ಹೊಸ ಚಾಪೆ, ನೂರ ಅರವತ್ತೈದು ದಿರ್ಹಮ್. ಅದನ್ನು ನನ್ನ ಪರ್ಸಿನಿಂದ ಕೊಟ್ಟೆ. ತರಲು ಯಾರೂ ಹೇಳಿರಲಿಲ್ಲ.

ನನ್ನ ಹೆಸರು ಮಾರ್ಟಿನಾ. ಊರು ಉಡುಪಿ ಕಡೆಯ ಶಿರ್ವ. ದುಬೈಯ ಒಂದು ದೊಡ್ಡ ಹೋಟೆಲಿನಲ್ಲಿ ಇಪ್ಪತ್ತಮೂರು ವರ್ಷದಿಂದ ಕೆಲಸ. ಮೊದಲು ರೂಮ್ ಗುಡಿಸುತ್ತಿದ್ದೆ, ಈಗ ಹಾಲ್‌ಗಳ ಬಟ್ಟೆ, ಮೇಜು, ಹೂವು, ಬಾವುಟ ಎಲ್ಲ ನನ್ನ ಸುಪರ್ದಿ. ಇಷ್ಟು ವರ್ಷದಲ್ಲಿ ಎಷ್ಟೋ ದೇಶದ ಮಂತ್ರಿಗಳು ನಾನು ಇಸ್ತ್ರಿ ಮಾಡಿಸಿದ ಮೇಜುಬಟ್ಟೆಯ ಮೇಲೆ ಸಹಿ ಹಾಕಿ ಹೋಗಿದ್ದಾರೆ. ಎಲ್ಲಿ ಎಷ್ಟು ಮಾತಾಡಬೇಕು, ಯಾರ ಎದುರು ಏನನ್ನು ನೋಡಿಯೂ ನೋಡದ ಹಾಗಿರಬೇಕು, ಎಲ್ಲ ಗೊತ್ತು ಅಂದುಕೊಂಡಿದ್ದೆ.

ಆ ವರ್ಷ ಚಳಿಗಾಲದಲ್ಲಿ ದುಬೈಯಲ್ಲಿ ಹವಾಮಾನದ ದೊಡ್ಡ ಸಮ್ಮೇಳನ ನಡೆಯಿತು. ಊರಿಗೆ ಊರೇ ಕೋಟು ಹಾಕಿದವರಿಂದ ತುಂಬಿತ್ತು. ಸಮ್ಮೇಳನದ ನಡುವೆ ಒಂದು ಬೆಳಿಗ್ಗೆ ಭಾರತದವರೂ ಟೊಂಗಾದವರೂ ನಮ್ಮ ಹೋಟೆಲಿನಲ್ಲಿ ಭೇಟಿಯಾಗುವುದೆಂದು ಗೊತ್ತಾಯಿತು. ನಮ್ಮ ದೇಶದ ಕಡೆಯಿಂದ ವ್ಯವಸ್ಥೆ ನೋಡಲು ಬಂದವರು ನಿರಂಜನ ಎಂಬ ಅಧಿಕಾರಿ, ಧಾರವಾಡದವರು. ನನ್ನ ಮಗನ ವಯಸ್ಸು. ಕನ್ನಡ ಬರುತ್ತದೆಂದು ತಿಳಿದದ್ದೇ ಇಂಗ್ಲಿಷ್ ಬಿಟ್ಟು ನನ್ನನ್ನು ಅಕ್ಕಾರ ಎಂದು ಕರೆಯತೊಡಗಿದರು.

"ಈ ಟೊಂಗಾ ಎಲ್ಲಿ ಬರ್ತದೆ ಸರ್?" ಎಂದು ಕೇಳಿದೆ.

"ಭೂಪಟದ ತುದೀಗೆ ಇರ್ತದ ನೋಡ್ರಿ ಅಕ್ಕಾರ. ಹಾಳಿ ಅಂಚು ಹರದ್ರ ದೇಶನ ಹೋಗಿಬಿಡ್ತದ," ಎಂದು ನಕ್ಕರು. "ಲಕ್ಷ ಮಂದಿ ಇರಬೇಕು ಅಷ್ಟ. ಆದ್ರ ರಾಜ ಇದ್ದಾನ, ಸಿಂಹಾಸನ ಅದ. ನಮ್ಮ ಜೋಡಿ ಐವತ್ತು ವರ್ಷದ ಸಂಬಂಧ."

"ಹಾಗಾದ್ರೆ ಅಲ್ಲಿ ನಮ್ಮ ರಾಯಭಾರಿ ಇರ್ಬೇಕಲ್ಲ."

"ಇಲ್ರೀ. ಫಿಜಿಯೊಳಗ ಕೂತು ಅಲ್ಲಿಂದನ ನೋಡ್ಕೋತಾರ. ಬೀಗರು ಖರೆ, ಮನೀಗೆ ಹೋಗಿ ಬರೂದು ಕಡಿಮಿ." ಆಮೇಲೆ ಕಾಗದ ನೋಡಿ ಹೇಳಿದರು: "ಅವರ ದ್ವೀಪದ ದವಾಖಾನಿಗಳಿಗೆ ನಾವು ಸೋಲಾರ್ ಕೊಡೂದು. ಅವರು ಏನೋ ಒಂದು ಕಾಣಿಕಿ ಕೊಡ್ತಾರಂತ. ಒಂದು ಫೋಟೋ. ಹನ್ನೊಂದಕ್ಕ ಚಾಲೂ, ಹನ್ನೊಂದೂವರಿಗೆ ಖಲಾಸ್."

ಭೇಟಿಯ ಹಿಂದಿನ ದಿನ ಮಧ್ಯಾಹ್ನ ಟೊಂಗಾದ ಕಡೆಯಿಂದ ಒಬ್ಬ ಹೆಂಗಸು ಬಂದಳು. ಹೆಸರು ಲುಪೆ. ನನ್ನದೇ ವಯಸ್ಸು, ನನಗಿಂತ ಒಂದು ಮೊಳ ಎತ್ತರ. ಕರಿ ಬಟ್ಟೆ, ಸೊಂಟಕ್ಕೆ ಹೆಣೆದ ಪಟ್ಟಿ. ಎರಡೂ ಕೈಯಲ್ಲಿ ಮಗುವನ್ನು ಹಿಡಿದ ಹಾಗೆ ಹೂವಿನ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಹಿಡಿದಿದ್ದಳು. ನಾವು ಇಂಗ್ಲಿಷಿನಲ್ಲಿ ಮಾತಾಡಿದೆವು.

"ನಾಳೆ ಇದು ಮೇಜಿನ ಮೇಲೆ ಇರಬೇಕು. ರಾತ್ರಿ ಗಾಳಿಯಾಡುವ ಜಾಗದಲ್ಲಿಡಿ. ಬಹಳ ದೂರದಿಂದ ಬಂದಿದೆ," ಎಂದಳು.

ಹೊರಡುವ ಮೊದಲು ನನ್ನ ಕುತ್ತಿಗೆಯ ಶಿಲುಬೆ ನೋಡಿ, ಇಲ್ಲಿ ಭಾನುವಾರ ಪೂಜೆ ಎಷ್ಟು ಹೊತ್ತಿಗೆ, ಇಗರ್ಜಿ ಎಲ್ಲಿದೆ ಎಂದು ವಿಚಾರಿಸಿದಳು. ಅವಳೂ ಕ್ಯಾಥೊಲಿಕ್. ಔದ್ ಮೇಥಾದ ಇಗರ್ಜಿಗೆ ಯಾವ ಮೆಟ್ರೊ ಹಿಡಿಯಬೇಕು, ಕೂರಲು ಜಾಗ ಬೇಕಿದ್ದರೆ ಎಷ್ಟು ಮೊದಲು ಹೋಗಬೇಕು ಎಂದೆಲ್ಲ ಬರೆದುಕೊಟ್ಟೆ. ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು. ಅವಳು ಹೋಗುವಾಗ ನಮ್ಮವಳೇ ಒಬ್ಬಳು ಹೋದ ಹಾಗಾಯಿತು.

ಗಾಳಿಗೆ ಹಾಕಲೆಂದು ಬಟ್ಟೆ ಬಿಚ್ಚಿದೆ. ಒಳಗಿದ್ದದ್ದು ಚಾಪೆ. ಎರಡು ಮಂಚದಷ್ಟು ಅಗಲ, ಆದರೆ ಸೀರೆಯ ಹಾಗೆ ಮೆತ್ತಗೆ. ಚಹಾದಲ್ಲಿ ಅದ್ದಿ ತೆಗೆದಂಥ ಕಂದು ಬಣ್ಣ. ಅಂಚೆಲ್ಲ ಎಳೆ ಬಿಟ್ಟಿತ್ತು. ಎರಡು ಮೂರು ಕಡೆ ಬೇರೆ ಎಳೆ ಹಾಕಿ ತೇಪೆ ಹೆಣೆದಿದ್ದರು. ಒಂದು ಬದಿಯಲ್ಲಿ ಕೆಂಪು ಗರಿಗಳ ಸಾಲು, ಅದರಲ್ಲೂ ಅರ್ಧಕ್ಕರ್ಧ ಉದುರಿತ್ತು. ಎಣ್ಣೆಯ ವಾಸನೆ, ಅದರಡಿಯಲ್ಲಿ ಬೂದಿಯ ವಾಸನೆ.

ಲಿನನ್ ರೂಮ್ ನೋಡಿಕೊಳ್ಳುವ ನೌಶಾದ್ ಪಕ್ಕದಲ್ಲೇ ಇದ್ದ. ವಿಟ್ಲದವನು, ಮೂವತ್ತು ದಾಟಿದ ಮದುವೆಯಾದ ಗಂಡಸು, ಬಾಯಿಗೆ ಮಾತ್ರ ಬೀಗವಿಲ್ಲ.

"ಇದೆಂತದು ಅಕ್ಕಾ? ಮದ್ರಸದಲ್ಲಿ ನಾವು ಕೂತು ಕೂತು ಹರಿದ ಚಾಪೆ ಇದಕ್ಕಿಂತ ಚಂದ ಇತ್ತು."

"ಬಾಯಿ ಮುಚ್ಚು ಮಾರಾಯ. ಅಲ್ಲಿ ಸಮುದ್ರದೊಳಗೆ ಜ್ವಾಲಾಮುಖಿ ಒಡೆದು ಊರೂರೇ ಬೂದಿ ಆದದ್ದು. ಪಾಪ, ಮನೆಯಲ್ಲಿ ಉಳಿದದ್ದನ್ನು ತಂದಿದ್ದಾರೆ."

"ಅದು ಸರಿ. ಆದ್ರೆ ಇದನ್ನು ಇಂಡಿಯಾ ಸರ್ಕಾರಕ್ಕೆ ಕೊಡುದಾ? ನಾಳೆ ಕ್ಯಾಮರಾದವರೆಲ್ಲ ಬರ್ತಾರೆ. ನಗುದಿಲ್ವಾ ಜನ?"

ಆ ಮಾತು ನನಗೆ ಚುಚ್ಚಿತು. ನಮ್ಮ ಕಡೆ ನೆಂಟರು ಬಂದರೆ ಅಟ್ಟದಿಂದ ಹೊಸ ಚಾಪೆ ಇಳಿಸುತ್ತಾರೆ. ಹರಿದ ಚಾಪೆ ಹೊರಗೆ ಕಂಡರೆ ಎರಡೇ ಅರ್ಥ. ಒಂದೋ ಮನೆಯಲ್ಲಿ ಬಡತನ, ಇಲ್ಲವೇ ಸಾವು. ಸತ್ತವರು ಮಲಗಿದ್ದ ಚಾಪೆಯನ್ನು ಸುತ್ತಿ ಬೇಲಿಯ ಆಚೆ ಹಾಕುತ್ತಾರೆ. ನಾನು ಏಳೆಂಟು ವರ್ಷದವಳಿದ್ದಾಗ ನಮ್ಮ ಮನೆಗೆ ಪಾದ್ರಿಗಳು ಬರುವವರಿದ್ದರು. ಮನೆಯಲ್ಲಿದ್ದ ಒಂದೇ ಚಾಪೆ ತೂತು ಬಿದ್ದಿತ್ತು. ಪಕ್ಕದ ಮನೆಯ ಆಚುಮ್ಮ ಹಿತ್ತಿಲ ಬಾಗಿಲಿನಿಂದ ತಮ್ಮ ಮಗಳ ಮದುವೆಗೆಂದು ಇಟ್ಟಿದ್ದ ಚಾಪೆ ತಂದುಕೊಟ್ಟರು. ಸಂಜೆ ಅದೇ ಬಾಗಿಲಿನಿಂದ ವಾಪಸು ಒಯ್ದರು. ಒಂದು ಮಾತಿಲ್ಲ. ಅಮ್ಮನ ಮಾನ ಉಳಿಯಿತು. ಅಮ್ಮ ಹಿಂದಿನ ದಿನವೇ ಹೋಗಿ ಚಾಪೆ ಕೇಳಿ ಬಂದಿದ್ದಳು ಎಂಬುದು ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ.

ಐದು ಗಂಟೆಗೆ ಕರಾಮಕ್ಕೆ ಹೋದೆ. ತಮಿಳಿನವನ ಅಂಗಡಿಯಲ್ಲಿ ಕೆಂಪು ಹಸಿರು ಅಂಚಿನ ಮದುವೆ ಚಾಪೆ ಇತ್ತು. ಮುಟ್ಟಿದರೆ ರೇಷ್ಮೆ. ಇನ್ನೂರು ಎಂದ. ನೂರ ಅರವತ್ತೈದಕ್ಕೆ ಇಳಿಸಿದೆ. ಹೋಟೆಲಿಗೆ ತಂದು ಅದನ್ನು ಲುಪೆಯ ಹೂವಿನ ಬಟ್ಟೆಯಲ್ಲೇ ಸುತ್ತಿದೆ, ಹೊರಗಿನಿಂದ ನೋಡಿದವರಿಗೆ ಗೊತ್ತಾಗಬಾರದೆಂದು. ಬೆಳಿಗ್ಗೆ ಲುಪೆಯನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದರಾಯಿತು, ಅವಳಿಗೆ ಸಮಾಧಾನವೇ ಆಗುತ್ತದೆ ಅಂದುಕೊಂಡೆ. ಹಳೆಯದನ್ನು ಬಿಸಾಡಲಿಲ್ಲ. ಒಂದು ಬಿಳಿ ಬೆಡ್‌ಶೀಟಿನಲ್ಲಿ ಕಟ್ಟಿ ಲಿನನ್ ರೂಮಿನ ಮೂಲೆಯಲ್ಲಿ, ಕಿಟಕಿಯ ಬಳಿ ಇಟ್ಟೆ.

ಅಲ್ ನಹ್ದಾದ ಮನೆಯಲ್ಲಿ ಊಟ ಮಾಡುತ್ತ ಗಂಡ ಆಲ್ಫೋನ್ಸ್‌ಗೆ ಎಲ್ಲ ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು, ಸುಳ್ಳು ಹೇಳುವುದಿಲ್ಲ.

"ಅವರಿಗೆ ಹೇಳಿದಿಯಾ?" ಎಂದರು.

"ಈಗಲೇ ಹೇಳಿದ್ರೆ ಅವರ ಮರ್ಯಾದೆ ಹೋಗುದಿಲ್ವಾ?"

"ಕೇಳದೆ ಬದಲಾಯಿಸಿದ್ರೆ ಉಳಿತದಾ?"

"ನೀವು ಮೀನು ತಿನ್ನಿ," ಎಂದೆ.

ಮರುದಿನ ಹತ್ತೂಕಾಲಿಗೆ ಟೊಂಗಾದವರು ಬಂದರು. ಅವರ ಹಿರಿಯರು ಎಪ್ಪತ್ತು ದಾಟಿದ, ಬಾಗಿಲು ತುಂಬುವಂಥ ಆಳು. ಕರಿ ಕೋಟು, ಟೈ, ಅದರ ಮೇಲೆ ಸೊಂಟಕ್ಕೆ ಒಂದು ಚಾಪೆ ಸುತ್ತಿ ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದಿದ್ದರು. ಅದೂ ಅಂಚು ಬಿಚ್ಚಿದ ಹಳೆಯ ಚಾಪೆ. ನೌಶಾದ್ ನನ್ನ ಮೊಣಕೈ ತಿವಿದ. "ಅಕ್ಕಾ, ದೊಡ್ಡವರಿಗೂ ಹರಿದದ್ದೇ ಗತಿ!" ನಾನು ಗದರಿದೆ. ಆದರೆ ಒಳಗೊಳಗೆ ನನಗೂ ಅದೇ ಅನ್ನಿಸಿತ್ತು. ಅದನ್ನು ನೋಡಿ ನಾನು ತಿಳಿದುಕೊಳ್ಳಬೇಕಿತ್ತು. ದೇಶದ ಪರವಾಗಿ ನಿಲ್ಲುವ ದಿನ ಯಾರಾದರೂ ಬೇರೆ ಇಲ್ಲವೆಂದು ಹರಿದದ್ದನ್ನು ಉಟ್ಟು ಬರುತ್ತಾರೆಯೇ?

ನಾನು ಕಾಫಿ ಟ್ರೇ ಇಟ್ಟು ತಿರುಗುವಷ್ಟರಲ್ಲಿ ಲುಪೆ ಮೇಜಿನ ಬಳಿ ಹೋಗಿ ಹೂವಿನ ಬಟ್ಟೆ ಬಿಚ್ಚಿಬಿಟ್ಟಿದ್ದಳು. ಅವಳ ಕೈ ಅಲ್ಲೇ ನಿಂತಿತು.

"ಇದು ಏನು?"

ನಾನು ಹತ್ತಿರ ಹೋಗಿ ತಯಾರು ಮಾಡಿಟ್ಟುಕೊಂಡ ನಗುವನ್ನು ತಂದುಕೊಂಡೆ. "ಚಿಂತೆ ಮಾಡಬೇಡಿ. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು..."

"ನನ್ನ ಚಾಪೆ ಎಲ್ಲಿದೆ?"

ಅಷ್ಟರಲ್ಲಿ ನಿರಂಜನ ಬಂದು ಬಗ್ಗಿ ನೋಡಿದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: "ಅಕ್ಕಾರ, ಇದು ನಮ್ಮ ದೇಶದ ಚಾಪಿ ಅಲ್ರೀ? ನನ್ನ ಮದುವ್ಯಾಗ ಇಂಥಾದ್ದ ಹಾಸಿದ್ರು. ನಮ್ಮ ಚಾಪಿ ನಮಗ ಕಾಣಿಕಿ ಕೊಡೂದು? ಇದೇನ್ರೀ ಇದು?"

ನಾನು ಲಿನನ್ ರೂಮಿಗೆ ಓಡಿದೆ. ಕಿಟಕಿಯ ಬಳಿ ಏನೂ ಇರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಬಿಳಿ ಬೆಡ್‌ಶೀಟಿನಲ್ಲಿ ಗಂಟು ಹಾಕಿದ್ದು ಎಂದರೆ ಕೊಳೆ ಬಟ್ಟೆ. ಬಿಚ್ಚಿ ನೋಡಬಾರದು, ಯಾರದೆಂದು ಕೇಳಬಾರದು, ನೇರ ಟ್ರಾಲಿಗೆ. ಬೆಳಿಗ್ಗೆ ಆರೂವರೆಗೆ ಲಾರಿ ಬಂದು ಎಲ್ಲ ಗಂಟುಗಳನ್ನೂ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಲಾಂಡ್ರಿಗೆ ಒಯ್ಯುತ್ತದೆ. ಈ ಪದ್ಧತಿಯನ್ನು ಹೊಸಬರಿಗೆಲ್ಲ ಕಲಿಸುವವಳು ನಾನೇ. ಹಿಂದಿನ ಸಂಜೆ ಆ ಚಾಪೆಗೆ ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದ್ದೂ ನಾನೇ. ಇಪ್ಪತ್ತಮೂರು ವರ್ಷದ ಅಭ್ಯಾಸ, ಕೈ ತನ್ನಷ್ಟಕ್ಕೆ ಹಾಕಿತ್ತು. ನನ್ನ ಕಣ್ಣಿಗೆ ಆ ಚಾಪೆ ಕೊಳೆಯಾಗಿ ಕಂಡಿತ್ತು, ಕೈ ಅದರಂತೆ ನಡೆದುಕೊಂಡಿತು. ಬೇರೆ ಕಾರಣ ಹುಡುಕುವುದರಲ್ಲಿ ಅರ್ಥವಿಲ್ಲ.

ನೌಶಾದ್ ಖಾಲಿ ಟ್ರಾಲಿ ತೋರಿಸಿದ. "ಗಂಟು ಇತ್ತಲ್ಲ ಅಕ್ಕಾ. ನಾನೇ ಟ್ರಾಲಿಗೆ ಹಾಕಿದ್ದು. ನೀವೇ ಹೇಳಿದ್ದಲ್ವಾ, ಬಿಚ್ಚಬಾರ್ದು ಅಂತ?"

ಲಾಂಡ್ರಿಯ ಸೂಪರ್‌ವೈಸರ್ ಎಡ್ವರ್ಡ್‌ಗೆ ಫೋನ್ ಮಾಡಿದೆ. ಯಂತ್ರಗಳ ಸದ್ದಿನಲ್ಲಿ ಅವನಿಗೆ ಅರ್ಧ ಕೇಳಿಸಲಿಲ್ಲ. "ಚಾಪೆಯಾ? ಇಲ್ಲಿ ಮುನ್ನೂರು ಗಂಟು ಉಂಟು ಬಾಯಿ, ನೋಡ್ತೇನೆ," ಎಂದ. ಬಾಯಿ ಎಂದರೆ ನಮ್ಮ ಕೊಂಕಣಿಯಲ್ಲಿ ಅಕ್ಕ ಎಂದ ಹಾಗೆ.

ಹಾಲ್‌ನ ಹೊರಗೆ ನಿರಂಜನ ಕಾಯುತ್ತಿದ್ದರು. ಎಲ್ಲ ಹೇಳಿದೆ. ಅವರು ಹಣೆ ಉಜ್ಜಿಕೊಂಡರು. "ಭೇಟಿ ಮುಂದಕ್ಕ ಹಾಕೂದು ಆಗೂದಿಲ್ಲ, ನಮ್ಮ ಸಾಹೇಬರು ಹನ್ನೆರಡಕ್ಕ ಬ್ಯಾರೆ ಕಡೆ ಇರಬೇಕು. ನೀವು ಏನ್ ಮಾಡ್ರಿ, ಅದಲು ಬದಲಾತು ಅಂತ ಅಷ್ಟ ಹೇಳ್ರಿ. ಹೋಟೆಲಿನ ತಪ್ಪು, ಕ್ಷಮಾ ಮಾಡ್ರಿ ಅಂತ. ಹೆಚ್ಚಿಗಿ ಬಿಚ್ಚಬ್ಯಾಡ್ರಿ. ಬಿಚ್ಚಿದಷ್ಟೂ ಹೊಲಸು."

ನಾನು ಹಾಗೆಯೇ ಹೇಳಿದೆ. "ಬಟ್ಟೆಗಳ ಜೊತೆ ಅದಲು ಬದಲಾಗಿದೆ. ಲಾಂಡ್ರಿಗೆ ಹೋಗಿದೆ. ತರಿಸುತ್ತೇವೆ." ಲುಪೆ ನನ್ನನ್ನೇ ನೋಡಿದಳು. ಹೂವಿನ ಬಟ್ಟೆಯೊಳಗೆ ಹೊಸ ಚಾಪೆ ತಾನಾಗಿ ಹೇಗೆ ಬಂತು ಎಂದು ಕೇಳಬಹುದಿತ್ತು, ಕೇಳಲಿಲ್ಲ. ಹಿರಿಯರ ಬಳಿ ಹೋಗಿ ತಮ್ಮ ಭಾಷೆಯಲ್ಲಿ ಹೇಳಿದಳು. ಅವರು ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದರು. ಲುಪೆ ನನ್ನ ಹೊಸ ಚಾಪೆಯನ್ನು ಎಸೆಯಲಿಲ್ಲ, ತಳ್ಳಲಿಲ್ಲ. ಸುಕ್ಕಾಗದ ಹಾಗೆ ಮಡಚಿ ನನ್ನ ಎರಡು ಕೈಯಲ್ಲಿಟ್ಟಳು.

ಹನ್ನೊಂದಕ್ಕೆ ನಮ್ಮವರು ಬಂದರು. ನಮ್ಮ ಹಿರಿಯ ಅಧಿಕಾರಿ ಒಳ್ಳೆಯ ಮನುಷ್ಯ, ನಗುಮುಖ, ಎಲ್ಲರ ಕೈ ಕುಲುಕಿದರು. ಸೋಲಾರ್‌ನ ಕಾಗದಕ್ಕೆ ಸಹಿಯಾಯಿತು. ನಮ್ಮ ಕಡೆಯಿಂದ ಬೀದರ್‌ನ ಬೆಳ್ಳಿ ಕುಸುರಿಯ ಹೂಜಿ ಕೊಟ್ಟರು. ಚಪ್ಪಾಳೆಯಾಯಿತು. ಆಮೇಲೆ ಎಲ್ಲರೂ ಟೊಂಗಾದವರ ಕಡೆ ನೋಡಿದರು.

ಹಿರಿಯರು ಎದ್ದು ನಿಂತರು. "ನಮ್ಮ ರಾಜ್ಯದಲ್ಲಿ ಸ್ನೇಹಿತರ ಎದುರಿಗೆ ಬರಿಗೈಯಲ್ಲಿ ನಿಲ್ಲುವ ಪದ್ಧತಿ ಇಲ್ಲ. ಇವತ್ತು ನಾನು ಹಾಗೆ ನಿಂತಿದ್ದೇನೆ. ಕ್ಷಮಿಸಬೇಕು," ಎಂದರು. ಹೋಟೆಲಿನ ಹೆಸರೆತ್ತಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ನನ್ನ ಕಡೆ ನೋಡಲೂ ಇಲ್ಲ.

ನಮ್ಮ ಅಧಿಕಾರಿ ತಕ್ಷಣ ಎದ್ದು ಅವರ ಭುಜ ತಟ್ಟಿದರು. "ಛೆ, ಕಾಣಿಕೆ ಯಾಕೆ? ನೀವು ಬಂದದ್ದೇ ದೊಡ್ಡದು. ನಿಮ್ಮಿಂದ ನಾವು ಏನನ್ನೂ ನಿರೀಕ್ಷಿಸುವುದಿಲ್ಲ."

ಅವರದು ಒಳ್ಳೆಯ ಮನಸ್ಸೇ. ಹಿಂದಿನ ದಿನ ನನ್ನದೂ ಒಳ್ಳೆಯ ಮನಸ್ಸೇ ಆಗಿತ್ತು. ಆ ಮಾತು ಬಿದ್ದಾಗ ಹಿರಿಯರ ಮುಖ ಹೇಗಾಯಿತೆಂದು ನಾನು ನೋಡಿದೆ. ಫೋಟೋ ತೆಗೆಯುವಾಗ ನಮ್ಮವರ ಕೈಯಲ್ಲಿ ಕಾಗದ, ಪಕ್ಕದ ಮೇಜಿನ ಮೇಲೆ ನಾವು ಕೊಟ್ಟ ಹೂಜಿ. ಟೊಂಗಾದ ಹಿರಿಯರು ತಮ್ಮ ದೊಡ್ಡ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೊಂಟದ ಚಾಪೆಯ ಮೇಲೆ ಇಟ್ಟುಕೊಂಡರು.

ಹನ್ನೊಂದೂವರೆಗೆ ಹಾಲ್ ಖಾಲಿ. ನೌಶಾದ್ ಲಿನನ್ ವ್ಯಾನ್ ತೆಗೆದ. ಲುಪೆ ತಾನೂ ಬರುತ್ತೇನೆಂದು ಹತ್ತಿ ನನ್ನ ಪಕ್ಕ ಕುಳಿತಳು.

"ಅದಲು ಬದಲು ಎಂದು ನಾನು ವರದಿಯಲ್ಲಿ ಬರೆಯುತ್ತೇನೆ," ಎಂದಳು ಲುಪೆ. "ಹಾಗೆ ಬರೆದರೆ ಯಾರಿಗೂ ತೊಂದರೆಯಿಲ್ಲ ತಾನೇ?"

ಹೂಂ ಎಂದರೆ ಮುಗಿಯುತ್ತಿತ್ತು. ನನ್ನ ವೀಸಾ, ಕೆಲಸ, ಮಗಳ ಕಾಲೇಜು ಫೀಸು ಎಲ್ಲ ಆ ಒಂದು ಹೂಂನಲ್ಲಿ ಭದ್ರ. ಆದರೆ ಹಾಲ್‌ನಲ್ಲಿ ಆ ಹಿರಿಯರು ನನ್ನ ತಪ್ಪಿಗೆ ಕ್ಷಮೆ ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ.

"ಅದಲು ಬದಲಾದದ್ದಲ್ಲ. ನಾನೇ ಬದಲಾಯಿಸಿದ್ದು," ಎಂದೆ. "ಹಳೆಯದು, ಹರಿದದ್ದು. ನಮ್ಮವರು ನಗಬಾರದೆಂದು ಹೊಸದು ತಂದಿಟ್ಟೆ. ಹಳೆಯದಕ್ಕೆ ಗಂಟು ಹಾಕಿದ್ದೂ ನಾನೇ."

ಮುಂದೆ ನೌಶಾದ್ ಕನ್ನಡಿಯಲ್ಲಿ ಒಮ್ಮೆ ನೋಡಿ ಕಣ್ಣು ರಸ್ತೆಗೆ ಹಾಕಿದ.

"ನಾವು ಬಡವರು ಎಂದು ನಿಮಗೆ ಅನ್ನಿಸಿತು," ಎಂದಳು ಲುಪೆ.

"ಹೌದು."

"ಅದಕ್ಕೇ ಕೇಳಲಿಲ್ಲ."

"ಕೇಳಿದರೆ ನಿಮಗೆ ನಾಚಿಕೆಯಾಗುತ್ತದೆ ಎಂದುಕೊಂಡೆ."

ಅವಳು ಕಿಟಕಿಯ ಹೊರಗೆ ಗೋದಾಮುಗಳ ಸಾಲು ನೋಡುತ್ತ ಹೇಳಿದಳು. ದನಿ ಏರಿಸಲಿಲ್ಲ. "ನಮ್ಮಲ್ಲಿ ಹೊಸ ಚಾಪೆ ಯಾರು ಬೇಕಾದರೂ ಕೊಡಬಹುದು. ಹೆಣೆದರೆ ಆಯಿತು. ಹಳೆಯದನ್ನು ಕೊಡುವುದು ಕಷ್ಟ. ಆ ಚಾಪೆ ಹಿರಿಯರ ಮನೆತನದ್ದು. ಅವರ ಅಜ್ಜಿಯ ಅಮ್ಮ ಹೆಣೆದದ್ದು. ಮನೆಯವರು ಮದುವೆಗೆ ಅದನ್ನೇ ಸುತ್ತಿಕೊಂಡರು, ಸಾವಿಗೆ ಅದನ್ನೇ ಸುತ್ತಿಕೊಂಡರು. ಪ್ರತಿಯೊಬ್ಬರೂ ಮೈಗೆ ಎಣ್ಣೆ ಹಚ್ಚಿ ಉಟ್ಟದ್ದರಿಂದ ಆ ಬಣ್ಣ. ಅದಕ್ಕೆ ಹೆಸರಿದೆ." ಹೆಸರು ಹೇಳಿದಳು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. "ಸಮುದ್ರ ಉಕ್ಕಿ ಬಂದ ದಿನ ಹಿರಿಯರ ತಂಗಿ ಮನೆಯ ಕಾಗದಪತ್ರ ಬಿಟ್ಟು ಇದೊಂದನ್ನು ಹೊತ್ತು ಗುಡ್ಡ ಹತ್ತಿದಳು. ದಾರಿಯೆಲ್ಲ ಬೂದಿ ಸುರಿಯುತ್ತಿತ್ತು. ಇಷ್ಟು ದೊಡ್ಡ ದೇಶಕ್ಕೆ ಕೊಡುವುದಾದರೆ ಇದನ್ನೇ ಕೊಡಬೇಕು ಎಂದು ಮನೆಯವರೆಲ್ಲ ಕುಳಿತು ತೀರ್ಮಾನ ಮಾಡಿದರು. ಮೂರು ದಿನ ಮಾತಾಡಿದರು. ಕೆಲವರು ಅತ್ತರು."

ನಾನು ಆ ಬೂದಿಯನ್ನು ಮೂಸಿ ನೋಡಿದ್ದೆ. ಕೊಡವಿಯೂ ಇದ್ದೆ.

ಲಾಂಡ್ರಿಯ ಬಾಗಿಲಲ್ಲಿ ಎಡ್ವರ್ಡ್ ನಿಂತಿದ್ದ. ಬಜ್ಪೆಯವನು, ಹದಿನೈದು ವರ್ಷದ ಪರಿಚಯ. ಅವನ ಮುಖ ನೋಡಿದ ಕೂಡಲೇ ಗೊತ್ತಾಯಿತು.

"ನಿಮ್ಮ ಫೋನ್ ಬರುವಾಗಲೇ ಮೆಷಿನ್ ಒಳಗೆ ಇತ್ತು ಬಾಯಿ. ಟೇಬಲ್‌ಕ್ಲಾತ್‌ಗಳ ಜೊತೆ. ಎಪ್ಪತ್ತು ಡಿಗ್ರಿ, ಬ್ಲೀಚ್. ನಾನು ನಿಲ್ಲಿಸುವಾಗ ಇಪ್ಪತ್ತು ನಿಮಿಷ ಆಗಿತ್ತು."

ಸ್ಟೀಲ್ ಮೇಜಿನ ಮೇಲೆ ಅದನ್ನು ಹರಡಿದ್ದ. ಒಂದು ಬದಿ ಮೊಳದಷ್ಟು ಬಿಚ್ಚಿ ಎಳೆಎಳೆಯಾಗಿತ್ತು. ಗರಿ ಒಂದೂ ಉಳಿದಿರಲಿಲ್ಲ. ಉಳಿದ ಹೆಣಿಗೆ ಗಟ್ಟಿಯಾಗಿಯೇ ನಿಂತಿತ್ತು. ಆದರೆ ಬಣ್ಣ ಪೂರಾ ಹೋಗಿತ್ತು. ಎಣ್ಣೆಯಿಲ್ಲ, ಬೂದಿಯಿಲ್ಲ, ಸೋಪಿನ ವಾಸನೆ. ಆ ಚಾಪೆ ಈಗ ಬೆಳ್ಳಗೆ ಇತ್ತು, ನಿನ್ನೆ ಮೊನ್ನೆ ಹೆಣೆದ ಹಾಗೆ.

ಲುಪೆ ಅಂಚಿನಿಂದ ಅಂಚಿಗೆ ಅಂಗೈ ಆಡಿಸಿದಳು. ತೇಪೆ ಹಾಕಿದ ಜಾಗದಲ್ಲಿ ಬೆರಳು ನಿಲ್ಲಿಸಿದಳು. ತೇಪೆ ಯಾವುದು, ಮೊದಲಿನದು ಯಾವುದು ಎಂದು ಈಗ ತಿಳಿಯುತ್ತಿರಲಿಲ್ಲ.

"ಇದರಲ್ಲಿ ಈಗ ಯಾರೂ ಇಲ್ಲ," ಎಂದಳು.

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಎಳೆದುಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. "ಕ್ಷಮಿಸಿ" ಎಂದೆ. ಇಂಗ್ಲಿಷಿನಲ್ಲಿ ಆ ಮಾತು ದಿನಕ್ಕೆ ನೂರು ಸಲ ಹೇಳಿ ನನ್ನ ಬಾಯಲ್ಲಿ ಅದು ಸವೆದುಹೋಗಿದೆ. ಅವತ್ತು ಹೇಳುವಾಗ ಅದಕ್ಕೆ ತೂಕವೇ ಇಲ್ಲ ಅನ್ನಿಸಿತು.

"ನೀವು ಒಳ್ಳೆಯವರು ಎಂದು ನಿನ್ನೆ ನಮ್ಮ ಹಿರಿಯರಿಗೆ ಹೇಳಿದ್ದೆ," ಎಂದಳು ಲುಪೆ. ಅಷ್ಟೇ. ವ್ಯಂಗ್ಯವಾಗಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹಿರಿಯರು ಇದನ್ನು ನಾಳೆಯೋ ನಾಡಿದ್ದೋ ಭಾರತದವರಿಗೆ ತಲುಪಿಸಬಹುದಲ್ಲ?" ಎಂದು ಕೇಳಿದೆ. "ನಾನೇ ನಿರಂಜನ ಸರ್‌ಗೆ ಹೇಳುತ್ತೇನೆ, ಎಲ್ಲ ವಿವರಿಸುತ್ತೇನೆ."

"ಏನೆಂದು ವಿವರಿಸುತ್ತೀರಿ? ಇದು ಹಳೆಯದಾಗಿತ್ತು ಎಂದೇ?" ಅವಳು ತಲೆಯಾಡಿಸಿದಳು. "ಈಗ ಇದು ನೀವು ತಂದ ಚಾಪೆಯ ಹಾಗೆಯೇ. ಕೊಡುವುದಕ್ಕೆ ಆಗುವುದಿಲ್ಲ."

ಎಡ್ವರ್ಡ್ ಒಣಗಿದ ದೊಡ್ಡ ಟವೆಲ್‌ಗಳನ್ನು ತಂದ. ನಾವು ನಾಲ್ವರೂ ಸೇರಿ ಒದ್ದೆ ಚಾಪೆಯನ್ನು ಅವುಗಳ ನಡುವೆ ಇಟ್ಟು ಸುತ್ತಿದೆವು. ನೌಶಾದ್ ಅದನ್ನು ಎರಡೂ ತೋಳಿನ ಮೇಲೆ ಹೊತ್ತು ವ್ಯಾನಿಗೆ ತಂದ.

ಸಂಜೆ ನಾನು ನಡೆದದ್ದನ್ನೆಲ್ಲ ಬರೆದು ಮ್ಯಾನೇಜರ್‌ಗೆ ಕೊಟ್ಟೆ. ಅವರು ಓದಿ ಹರಿದರು. "ಇಷ್ಟೆಲ್ಲ ಯಾಕೆ? ಅದಲು ಬದಲು ಎಂದು ಎರಡು ಸಾಲು ಬರಿ. ಇಲ್ಲದಿದ್ದರೆ ನಿನ್ನ ಕೆಲಸವೂ ಹೋಗುತ್ತದೆ, ಹೋಟೆಲಿನ ಹೆಸರೂ ಹೋಗುತ್ತದೆ," ಎಂದರು. ನಾನು ಎರಡು ಸಾಲು ಬರೆದು ಸಹಿ ಹಾಕಿದೆ. ಲುಪೆಯೆದುರು ಹೇಳಿದ ನಿಜವನ್ನು ಕಾಗದದ ಮೇಲೆ ಉಳಿಸಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಅತಿಥಿಗಳ ವಸ್ತು ಹಾಳಾದರೆ ತುಂಬುವ ಒಂದು ಫಾರ್ಮ್ ಇದೆ. ಅದನ್ನು ಲುಪೆಗೆ ಕಳಿಸಿದರು. ವಸ್ತು ಎಂಬಲ್ಲಿ ಅವಳು ಚಾಪೆಯ ಆ ಹೆಸರು ಬರೆದಿದ್ದಳು. ಬೆಲೆ ಎಂಬಲ್ಲಿ ಖಾಲಿ ಬಿಟ್ಟಿದ್ದಳು. ಬೆಲೆ ಬರೆದಿಲ್ಲ, ಹಾಗಾದರೆ ಪರಿಹಾರ ಕೊಡುವ ಪ್ರಶ್ನೆಯಿಲ್ಲ ಎಂದು ಮ್ಯಾನೇಜರ್ ಫೈಲ್ ಮುಚ್ಚಿದರು.

ಭಾನುವಾರ ಇಗರ್ಜಿಯಲ್ಲಿ ಅವಳನ್ನು ದೂರದಿಂದ ಕಂಡೆ. ನಾನೇ ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಬಂದಿದ್ದಳು. ನಾನು ಕಂಬದ ಹಿಂದೆ ಸರಿದು ಪೂಜೆ ಮುಗಿಯುವ ಮೊದಲೇ ಹೊರಗೆ ಬಂದೆ.

ಸೋಲಾರ್‌ನ ಒಪ್ಪಂದಕ್ಕೆ ಏನೂ ಆಗಲಿಲ್ಲ ಎಂದು ನಿರಂಜನ ಆಮೇಲೆ ಫೋನ್ ಮಾಡಿ ಹೇಳಿದರು. ಎರಡು ದೇಶಗಳ ಸ್ನೇಹಕ್ಕೂ ಏನೂ ಆಗಲಿಲ್ಲವಂತೆ. ಹೋಟೆಲಿಗೆ ನಷ್ಟವಿಲ್ಲ. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ಟೊಂಗಾದವರು ಕೊಡಬೇಕೆಂದು ತಂದದ್ದನ್ನು ಕೊಡಲಾಗದೆ ವಾಪಸು ಒಯ್ದರು. ನಾಲ್ಕು ತಲೆಮಾರಿನವರು ಉಟ್ಟು ಆಗಿದ್ದ ಬಣ್ಣ ಹೋಯಿತು, ಅದನ್ನು ಯಾರೂ ಮತ್ತೆ ತರಲಾರರು.